ಕ್ರೋನ್ಸ್ ಇದೆ, ಮಗು ಬೇಕು: ಮದ್ದು ನಿಲ್ಲಿಸಬೇಕಾ?

ಪ್ರಶ್ನೆ: ನನಗೆ 28 ವರ್ಷ. ಮನೆ ಬದಿಯಡ್ಕದ ಹತ್ತಿರ, ತವರು ಎಣ್ಮಕಜೆ. ನಾಲ್ಕು ವರ್ಷದ ಹಿಂದೆ ಹೊಟ್ಟೆನೋವು, ಭೇದಿ, ಸಂಜೆ ಜ್ವರ ಶುರುವಾಯಿತು. ಮೊದಲು ಕರುಳಿನ ಟಿಬಿ ಅಂತ ಆರು ತಿಂಗಳು ಮದ್ದು ಕೊಟ್ಟರು. ಕಡಿಮೆಯಾಗಲಿಲ್ಲ. ಆಮೇಲೆ ಮಂಗಳೂರಿನಲ್ಲಿ ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆ ಅಂತ ಗೊತ್ತಾಯಿತು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಇದೆಯಂತೆ, ಅಲ್ಲಿ ಸ್ವಲ್ಪ ಕಿರಿದಾಗಿದೆಯಂತೆ. ಎರಡು ವರ್ಷದ ಹಿಂದೆ ಫಿಸ್ಟುಲಾ ಆಗಿ, ಅಂದರೆ ಗುದದ ಹತ್ತಿರ ಕೀವು ಸೋರುವ ತೂತಾಗಿ, ಆಪರೇಷನ್ ಆಯಿತು. ಈಗ ಎರಡು ವಾರಕ್ಕೊಮ್ಮೆ ಅಡಾಲಿಮುಮಾಬ್ ಇಂಜೆಕ್ಷನ್, ದಿನಾ ಅಜಾಥಯೋಪ್ರಿನ್ ಮಾತ್ರೆ. ಸ್ಟೀರಾಯ್ಡ್ ಅಕ್ಟೋಬರಿನಲ್ಲಿ ನಿಂತಿದೆ. ನೋವಿಲ್ಲ. ತೂಕ 43ರಿಂದ 50 ಕಿಲೋ ಆಗಿದೆ. ಹಿಮೋಗ್ಲೋಬಿನ್ 9.6. ಗಂಡ ಗಲ್ಫಿನಲ್ಲಿದ್ದಾರೆ, ಎಪ್ರಿಲಿನಲ್ಲಿ 45 ದಿನದ ರಜೆಗೆ ಬರುತ್ತಾರೆ. ಆಗ ಮಗುವಿಗೆ ಪ್ರಯತ್ನಿಸಬೇಕು ಅಂತಿದ್ದೇವೆ. ಅತ್ತೆಯವರು ‘ಈಗಲೇ ಇಂಗ್ಲಿಷ್ ಮದ್ದೆಲ್ಲ ನಿಲ್ಲಿಸು, ಮೂರು ತಿಂಗಳು ಮೈ ಶುದ್ಧ ಮಾಡಿಕೋ’ ಅನ್ನುತ್ತಾರೆ. ಏನು ಮಾಡಲಿ? ಮಗುವಿಗೂ ಈ ಕಾಯಿಲೆ ಬರುತ್ತದಾ? ಇಷ್ಟೆಲ್ಲ ಇಟ್ಟುಕೊಂಡು ಮಗು ಬೇಕು ಅನ್ನುವುದು ನನ್ನ ಸ್ವಾರ್ಥವಾ?

ಉತ್ತರ: ತಂಗೀ, ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನಿಮಗೆ ಮಗು ಆಗಬಹುದು. ಆರೋಗ್ಯವಾದ ಮಗುವೇ ಆಗಬಹುದು. ಮದ್ದು ನಿಲ್ಲಿಸಬೇಡಿ, ಒಂದು ಡೋಸ್ ಕೂಡ ನಿಮ್ಮಷ್ಟಕ್ಕೆ ಬಿಡಬೇಡಿ. ಎಪ್ರಿಲಿನಲ್ಲಿ ಪ್ರಯತ್ನಿಸಬಹುದಾ ಅನ್ನುವುದು ಫೆಬ್ರವರಿಯಲ್ಲಿ ಮಾಡಿಸಬೇಕಾದ ಎರಡು ಮೂರು ಪರೀಕ್ಷೆಗಳ ಮೇಲೆ ನಿಂತಿದೆ. ಇನ್ನು ಇದಕ್ಕೆಲ್ಲ ಕಾರಣ ಹೇಳುತ್ತೇನೆ. ಆದರೆ ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ನಿಮ್ಮ ಟಿಬಿ ಕಥೆ ಹೊಸದಲ್ಲ. 1932ರಲ್ಲಿ ನ್ಯೂಯಾರ್ಕಿನಲ್ಲಿ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯನ್ನು ವಿವರಿಸಿ ಬರೆದಾಗಲೂ, ಇದು ಟಿಬಿಯಂತೆ ಕಾಣುತ್ತದೆ ಆದರೆ ಟಿಬಿ ಅಲ್ಲ ಅನ್ನುವುದೇ ದೊಡ್ಡ ವಿಷಯವಾಗಿತ್ತು. ಎರಡೂ ಹೆಚ್ಚಾಗಿ ಕೂರುವುದು ಒಂದೇ ಜಾಗದಲ್ಲಿ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ. ಎರಡರಲ್ಲೂ ಹುಣ್ಣು, ಜ್ವರ, ತೂಕ ಇಳಿಯುವುದು. ನಮ್ಮ ಕಡೆ ಟಿಬಿ ಜಾಸ್ತಿ, ಕ್ರೋನ್ಸ್ ಅಪರೂಪ. ಬಯಾಪ್ಸಿಯಲ್ಲೂ ಸ್ಪಷ್ಟವಾಗದಿದ್ದರೆ ಮೊದಲು ಟಿಬಿ ಮದ್ದು ಕೊಟ್ಟು ನೋಡುವುದು ಇಲ್ಲಿ ಎಷ್ಟೋ ಸಲ ಅನಿವಾರ್ಯ. ಟಿಬಿ ಇದ್ದವರಿಗೆ ತಪ್ಪಿ ಕ್ರೋನ್ಸ್ ಮದ್ದು ಕೊಟ್ಟರೆ ಟಿಬಿ ಮೈಯೆಲ್ಲ ಹರಡುತ್ತದೆ. ಹಾಗಾಗಿ ಆ ಆರು ತಿಂಗಳು ಹಾಳಾಯಿತು ಅಂತ ಕೊರಗಬೇಡಿ.

ಕ್ರೋನ್ಸ್ ಅಂದರೆ ನಮ್ಮ ದೇಹದ ಕಾವಲು ಪಡೆ ನಮ್ಮ ಕರುಳಿನ ಮೇಲೆಯೇ ತಿರುಗಿ ಬೀಳುವುದು. ನೀವು ತಿಂದದ್ದರಿಂದ ಬಂದದ್ದಲ್ಲ, ನೀವು ಮಾಡಿದ್ದರಿಂದ ಬಂದದ್ದಲ್ಲ. ಪೂರ್ತಿ ವಾಸಿಯಾಗಿಬಿಡುವ ಕಾಯಿಲೆ ಅಲ್ಲ. ಆದರೆ ವರ್ಷಗಟ್ಟಲೆ ತಣ್ಣಗೆ ಇರಿಸಬಹುದಾದ ಕಾಯಿಲೆ. ನಿಮ್ಮ ಇಂಜೆಕ್ಷನ್, ಮಾತ್ರೆ ಎರಡೂ ಆ ಕಾವಲು ಪಡೆಯನ್ನು ಅಂಕೆಯಲ್ಲಿಡುವ ಮದ್ದುಗಳು.

ಈ ‘ತಣ್ಣಗೆ’ ಅನ್ನುವ ಮಾತಿನ ಮೇಲೆಯೇ ನಿಮ್ಮ ಇಡೀ ಪ್ರಶ್ನೆ ನಿಂತಿದೆ. ಕರುಳು ತಣ್ಣಗಿರುವಾಗ ಬಸುರಿಯಾದರೆ, ಬಸಿರಿನ ಕಾಲದಲ್ಲಿ ಕಾಯಿಲೆ ಕೆರಳುವ ಸಾಧ್ಯತೆ ಬಸುರಿಯಲ್ಲದ ವರ್ಷದಲ್ಲಿ ಎಷ್ಟೋ ಅಷ್ಟೇ. ಕೆರಳಿರುವಾಗಲೇ ಬಸುರಿಯಾದರೆ ಲೆಕ್ಕ ಬೇರೆ. ಅಂಥವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಡಿಮೆಯಾಗುತ್ತದೆ, ಒಬ್ಬರಿಗೆ ಹಾಗೇ ಇರುತ್ತದೆ, ಇನ್ನೊಬ್ಬರಿಗೆ ಜೋರಾಗುತ್ತದೆ. ಹಾಗೆ ಉರಿಯುತ್ತಿರುವ ಕರುಳು ಮಗುವಿಗೆ ಒಳ್ಳೆಯದಲ್ಲ. ಗರ್ಭಪಾತ, 37 ವಾರಕ್ಕೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು, ತಾಯಿಯ ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವೆಲ್ಲ ಜಾಸ್ತಿಯಾಗುವುದು ಆಗ. ಬಸುರಾಗುವುದೇ ಕಷ್ಟವಾಗುವುದೂ ಆಗಲೇ. ಕಾಯಿಲೆ ತಣ್ಣಗಿದ್ದರೆ ಬಸುರಾಗುವ ಶಕ್ತಿ ಉಳಿದ ಹೆಂಗಸರಷ್ಟೇ ಇರುತ್ತದೆ.

ಅಂದರೆ ಮಗುವಿಗೆ ದೊಡ್ಡ ಅಪಾಯ ಕಾಯಿಲೆಯಿಂದ, ನೀವು ಈಗ ತೆಗೆದುಕೊಳ್ಳುತ್ತಿರುವ ಮದ್ದಿನಿಂದಲ್ಲ. ಅಮೆರಿಕದಲ್ಲಿ 2007ರಲ್ಲಿ ಪಿಯಾನೋ ಅನ್ನುವ ಅಧ್ಯಯನ ಶುರುವಾಯಿತು. ನಿಮ್ಮಂಥ ಕರುಳಿನ ಉರಿಯೂತ ಇರುವ ಬಸುರಿಯರನ್ನು, ಹುಟ್ಟಿದ ಮಕ್ಕಳನ್ನು ಒಂದು ವರ್ಷ ತುಂಬುವವರೆಗೆ ನೋಡಿಕೊಂಡು ಬಂದರು. 1,400ಕ್ಕೂ ಜಾಸ್ತಿ ಬಸಿರುಗಳ ಫಲಿತಾಂಶ 2021ರಲ್ಲಿ ಬಂತು. ಅಡಾಲಿಮುಮಾಬ್ ಥರದ ಇಂಜೆಕ್ಷನ್, ಅಜಾಥಯೋಪ್ರಿನ್ ಮಾತ್ರೆ, ಅಥವಾ ಎರಡನ್ನೂ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಹುಟ್ಟುದೋಷವಾಗಲಿ, ಮೊದಲ ವರ್ಷದಲ್ಲಿ ಸೋಂಕಾಗಲಿ ಜಾಸ್ತಿ ಕಾಣಲಿಲ್ಲ. ತೊಂದರೆ ಜಾಸ್ತಿ ಕಂಡದ್ದು ಕಾಯಿಲೆ ಕೆರಳಿದ್ದವರಲ್ಲಿ.

ಅತ್ತೆಯವರಿಗೆ ಒಂದು ಮಾತು. ಅಮ್ಮಾ, ಬಸುರಿ ಸುಮ್ನೆ ಮಾತ್ರೆ ನುಂಗಬಾರದು ಅನ್ನುವ ನಿಮ್ಮ ಮಾತು ಸರಿಯಾದದ್ದೇ. ನಾನೂ ನನ್ನ ರೋಗಿಗಳಿಗೆ ಅದನ್ನೇ ಹೇಳುತ್ತೇನೆ. ಆದರೆ ನಿಮ್ಮ ಅಡಿಕೆ ತೋಟ ನೆನಪು ಮಾಡಿಕೊಳ್ಳಿ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡಿಸುತ್ತೀರಿ. ಆಗ ಗೊನೆಯಲ್ಲಿ ಒಂದು ಕಾಯಿಯೂ ಕೊಳೆತಿರುವುದಿಲ್ಲ. ಕೊಳೆ ಇಲ್ಲವಲ್ಲ, ಈ ಸಲ ಬೇಡ ಅಂತ ಬಿಟ್ಟರೆ ಆಟಿ ತಿಂಗಳಲ್ಲಿ ಮರದ ಬುಡವೆಲ್ಲ ಉದುರಿದ ಕಾಯಿ. ನಿಮ್ಮ ಸೊಸೆಗೆ ನೋವಿಲ್ಲ ಅಂದರೆ ಮದ್ದು ಕೆಲಸ ಮಾಡುತ್ತಿದೆ ಅಂತ ಅರ್ಥ. ಮದ್ದು ಬೇಡ ಅಂತ ಅಲ್ಲ. ಮೈ ಶುದ್ಧ ಮಾಡುವುದು ಅಂದರೆ ಭೇದಿಗೆ ಕೊಡುವುದಾದರೆ ಅದು ಖಂಡಿತ ಬೇಡ. ಹುಣ್ಣಿದ್ದ, ಕಿರಿದಾದ ಕರುಳಿಗೆ ಅದನ್ನು ತಡೆಯುವ ಶಕ್ತಿ ಇಲ್ಲ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಬಸುರಿ ಅಂತ ಗೊತ್ತಾದ ದಿನವೇ ಎಲ್ಲ ಮದ್ದು ನಿಲ್ಲಿಸಿದಳು. ಯಾರೂ ಹೇಳಿರಲಿಲ್ಲ, ಮಗುವಿನ ಮೇಲಿನ ಪ್ರೀತಿಯಿಂದಲೇ ನಿಲ್ಲಿಸಿದ್ದು. ನಾಲ್ಕನೇ ತಿಂಗಳಿಗೆ ದಿನಕ್ಕೆ ಹತ್ತು ಸಲ ಭೇದಿ, ರಕ್ತ. ಆಗ ಸ್ಟೀರಾಯ್ಡ್ ಕೊಟ್ಟು ಆಸ್ಪತ್ರೆಯಲ್ಲಿ ಇಡಬೇಕಾಯಿತು. ಮಗು ಎಂಟನೇ ತಿಂಗಳಲ್ಲೇ ಹುಟ್ಟಿ ಹಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಇಬ್ಬರೂ ಈಗ ಚೆನ್ನಾಗಿದ್ದಾರೆ. ಆದರೆ ಆ ನಾಲ್ಕು ತಿಂಗಳ ಸಂಕಟ ಬೇಕಾಗಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಬಸುರಿಯಾಗುವ ಮೊದಲೇ ನಾನು ಅವಳ ಜೊತೆ ಇದನ್ನು ಕೂತು ಮಾತಾಡಬೇಕಿತ್ತು. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಈಗ ನಿಮ್ಮ ಮದ್ದುಗಳಿಗೆ ಬರೋಣ. ಅಡಾಲಿಮುಮಾಬ್ ಒಂದು ದೊಡ್ಡ ಪ್ರೋಟೀನ್. ಮೊದಲ ಮೂರು ತಿಂಗಳು, ಮಗುವಿನ ಅಂಗಾಂಗ ರೂಪುಗೊಳ್ಳುವ ಹೊತ್ತಿನಲ್ಲಿ, ಅದು ಮಾಸನ್ನು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುವುದು ತೀರಾ ಕಡಿಮೆ. ಕೊನೆಯ ಮೂರು ತಿಂಗಳಲ್ಲಿ ಚೆನ್ನಾಗಿಯೇ ಹೋಗುತ್ತದೆ. ತಾಯಿ ತನ್ನ ರೋಗನಿರೋಧಕ ಶಕ್ತಿಯನ್ನು ಮಗುವಿಗೆ ಕೊಡಲು ಮಾಸಿನಲ್ಲಿ ಒಂದು ದಾರಿ ಇದೆ. ಈ ಮದ್ದೂ ಅದೇ ದಾರಿಯಲ್ಲಿ ಹೋಗುತ್ತದೆ. ಹುಟ್ಟಿದ ಮೇಲೂ ಕೆಲವು ತಿಂಗಳು ಮಗುವಿನ ರಕ್ತದಲ್ಲಿ ಇರುತ್ತದೆ, ಒಂಬತ್ತು ತಿಂಗಳವರೆಗೆ ಸಿಕ್ಕಿದ್ದೂ ಉಂಟು. ಇದರಿಂದ ಮಗುವಿನ ಬೆಳವಣಿಗೆಗೆ ತೊಂದರೆ ಕಂಡಿಲ್ಲ. ಆದರೆ ಲಸಿಕೆ ವಿಷಯದಲ್ಲಿ ಒಂದು ಎಚ್ಚರ ಬೇಕು, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಮೊದಲೆಲ್ಲ ಆರನೇ ತಿಂಗಳಿಗೆ ಈ ಇಂಜೆಕ್ಷನ್ ನಿಲ್ಲಿಸುತ್ತಿದ್ದರು. ಈಗ ಬಸಿರಿನ ಉದ್ದಕ್ಕೂ ಮುಂದುವರಿಸುವುದೇ ರೂಢಿ. ಕೊನೆಯ ಡೋಸ್ ಯಾವಾಗ ಅಂತ ಮಾತ್ರ ಹೆರಿಗೆಯ ದಿನ ನೋಡಿ ನಿಮ್ಮ ವೈದ್ಯರು ಹೊಂದಿಸುತ್ತಾರೆ.

ಈ ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಮಂಗಳೂರಿನಿಂದ ರೈಲಿನಲ್ಲಿ ತರುವಾಗ ಐಸ್ ಪ್ಯಾಕಿನ ಡಬ್ಬಿಯಲ್ಲಿ ತನ್ನಿ, ಮದ್ದು ಐಸಿಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಿ. ಮಳೆಗಾಲದಲ್ಲಿ ನಿಮ್ಮ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ ಅಂತ ನನಗೆ ಗೊತ್ತು. ಅಂಥ ದಿನಗಳಿಗೆ ಮದ್ದು ಎಲ್ಲಿಡುವುದು ಅಂತ ಈಗಲೇ ನೋಡಿಟ್ಟುಕೊಳ್ಳಿ. ಹತ್ತಿರದ ಮೆಡಿಕಲ್ ಶಾಪಿನವರು ಇನ್ವರ್ಟರ್ ಇರುವ ಫ್ರಿಜ್ಜಿನಲ್ಲಿ ಇಟ್ಟುಕೊಡುವುದುಂಟು. ಒಂದು ಡೋಸ್ ಯಾವಾಗಲೂ ಮುಂಗಡ ಇರಲಿ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ಎಷ್ಟು ಒದ್ದಾಡಿದರು ಅಂತ ನೀವೂ ನೋಡಿದ್ದೀರಿ.

ಅಜಾಥಯೋಪ್ರಿನ್ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಬಹುದು. ಬಸುರಿಯಾದ ಮೇಲೆ ಹೊಸದಾಗಿ ಶುರು ಮಾಡುವುದಿಲ್ಲ ಅಷ್ಟೇ. ಎರಡೂ ಮದ್ದು ಒಟ್ಟಿಗೆ ಬೇಕಾ, ಒಂದೇ ಸಾಕಾ ಅಂತ ನಿಮ್ಮ ವೈದ್ಯರನ್ನು ಈಗಲೇ ಕೇಳಿ. ಬಹಳ ದಿನದಿಂದ ತಣ್ಣಗಿರುವ ಕೆಲವರಿಗೆ ಮಾತ್ರೆ ಬಿಡಿಸುವುದುಂಟು. ನಿಮಗೆ ಫಿಸ್ಟುಲಾ ಆಗಿತ್ತು, ಕರುಳು ಕಿರಿದಾಗಿದೆ. ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಆ ಬದಲಾವಣೆಗೆ ಅವಸರ ಮಾಡುತ್ತಿರಲಿಲ್ಲ.

ನೀವು ಬರೆಯದ ಒಂದು ಮದ್ದಿನ ಹೆಸರನ್ನೂ ಹೇಳಬೇಕು, ಇದನ್ನು ಓದುವ ಬೇರೆಯವರಿಗೆ ಬೇಕಾದೀತು. ಮೆಥೋಟ್ರೆಕ್ಸೇಟ್. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮದ್ದು ಅದು, ಗಂಟುವಾತಕ್ಕೂ ಕೊಡುತ್ತಾರೆ. ಬಸಿರಿನಲ್ಲಿ ಅದು ಖಂಡಿತ ಕೂಡದು. ಗರ್ಭಪಾತವಾಗಬಹುದು, ಮಗುವಿಗೆ ಹುಟ್ಟುದೋಷ ಬರಬಹುದು. ಕನಿಷ್ಠ ಮೂರು ತಿಂಗಳು ಮುಂಚೆ ವೈದ್ಯರ ಮೂಲಕ ನಿಲ್ಲಿಸಿ ಬೇರೆ ಮದ್ದಿಗೆ ಬದಲಾಗಿರಬೇಕು. ಟೊಫಾಸಿಟಿನಿಬ್ ಎಂಬ ಹೊಸ ಮಾತ್ರೆಯೂ ಬಸಿರಿನಲ್ಲಿ ಬೇಡ. ಕರುಳಿನ ಉರಿಗೆ ಕೊಡುವ ಮೆಸಲಮೈನ್ ಮದ್ದಿನಿಂದ ತೊಂದರೆಯಿಲ್ಲ. ಸ್ಟೀರಾಯ್ಡ್ ತೀರಾ ಅಗತ್ಯ ಬಿದ್ದರೆ ಬಸಿರಿನಲ್ಲೂ ಕೊಡುತ್ತೇವೆ. ಅದು ಬೇಕಾಗದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಎಪ್ರಿಲಿನ ವಿಷಯ. ಗಲ್ಫಿನ ರಜೆಯ ಲೆಕ್ಕ ನನಗೆ ಅರ್ಥವಾಗುತ್ತದೆ. 45 ದಿನ ಕಳೆದರೆ ಮತ್ತೆ ಒಂದೂವರೆ ಎರಡು ವರ್ಷ. ಆ ದಿನಗಳ ಮೇಲೆ ಇಬ್ಬರೂ ಎಷ್ಟು ಆಸೆ ಇಟ್ಟಿರುತ್ತೀರಿ. ಆದರೆ ನಾವು ಸಾಮಾನ್ಯವಾಗಿ ಕೇಳುವುದು ಇಷ್ಟು: ಸ್ಟೀರಾಯ್ಡ್ ಇಲ್ಲದೆ ಕರುಳು ಮೂರರಿಂದ ಆರು ತಿಂಗಳು ತಣ್ಣಗಿರಬೇಕು. ನಿಮಗೆ ಸ್ಟೀರಾಯ್ಡ್ ನಿಂತದ್ದು ಅಕ್ಟೋಬರಿನಲ್ಲಿ. ಎಪ್ರಿಲಿಗೆ ಆರು ತಿಂಗಳಾಗುತ್ತದೆ. ಲೆಕ್ಕ ನಿಮ್ಮ ಪರವಾಗಿಯೇ ಇದೆ.

ಆದರೆ ನೋವಿಲ್ಲ ಅಂದ ಮಾತ್ರಕ್ಕೆ ತಣ್ಣಗಿದೆ ಅಂತ ಹೇಳಲಾಗದು. ಕ್ರೋನ್ಸ್ ಸದ್ದಿಲ್ಲದೆ ಒಳಗೊಳಗೇ ಉರಿಯುತ್ತಿರಬಹುದು. ಅದಕ್ಕೆ ಫೆಬ್ರವರಿಯಲ್ಲಿ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. 250 ದಾಟಿದ್ದರೆ ಒಳಗೆ ಉರಿ ಇದೆ ಅಂತ ಸಂಶಯಪಡಬೇಕು. ಕ್ಯಾಮೆರಾ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಕೊನೆಯ ಸಲ ಆಗಿ ಒಂದು ವರ್ಷದ ಮೇಲಾಗಿದ್ದರೆ ಅದನ್ನೂ ಈಗಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಕಿರಿದಾದ ಜಾಗ ಹೇಗಿದೆ ಅಂತ ಸ್ಕ್ಯಾನಿನಲ್ಲಿ ನೋಡಬೇಕು. ಸಿ.ಟಿ. ಸ್ಕ್ಯಾನ್ ಮಾಡುವುದಿದ್ದರೆ ಬಸುರಿಯಾಗುವ ಮೊದಲೇ ಆಗಬೇಕು. ಆಮೇಲೆ ಅಲ್ಟ್ರಾಸೌಂಡ್, ಎಂ.ಆರ್.ಐ.ಗಳಲ್ಲೇ ಸುಧಾರಿಸಬೇಕಾಗುತ್ತದೆ. ಇವೆಲ್ಲ ಸರಿ ಇದ್ದರೆ, ನಿಮ್ಮ ವೈದ್ಯರೂ ಹೂಂ ಅಂದರೆ, ಎಪ್ರಿಲಿನಲ್ಲಿ ಧೈರ್ಯವಾಗಿ ಪ್ರಯತ್ನಿಸಿ. ಸರಿ ಇಲ್ಲದಿದ್ದರೆ ಈ ರಜೆಯನ್ನು ಬಿಟ್ಟುಬಿಡಿ. ಹೇಳುವುದು ಸುಲಭ, ಬಿಡುವುದು ಕಷ್ಟ ಅಂತ ಗೊತ್ತು. ನಿಮ್ಮ ಯಜಮಾನರಿಗೂ ಇದನ್ನು ಈಗಲೇ ಫೋನಿನಲ್ಲಿ ಹೇಳಿಡಿ. ಬಂದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿದ್ದರೆ ಇಬ್ಬರಿಗೂ ಮಂಡೆಬಿಸಿ ಕಡಿಮೆ. ಅಲ್ಲಿಯವರೆಗೆ ಗರ್ಭ ನಿಲ್ಲದ ಹಾಗೆ ಜಾಗ್ರತೆ ಇರಲಿ.

ಹಿಮೋಗ್ಲೋಬಿನ್ 9.6 ನನಗೆ ಸಮಾಧಾನ ಕೊಡಲಿಲ್ಲ. ಬಸುರಿಯಾದ ಮೇಲೆ ಅದು ಇನ್ನೂ ಇಳಿಯುತ್ತದೆ. ಕಬ್ಬಿಣದ ಮಾತ್ರೆ ನಿಮ್ಮಂಥವರ ಹೊಟ್ಟೆಗೆ ಎಷ್ಟೋ ಸಲ ಒಗ್ಗುವುದಿಲ್ಲ. ಅದಕ್ಕೆ ಈಗಲೇ, ಬಸುರಿಯಾಗುವ ಮೊದಲು, ನರದ ಮೂಲಕ ಕಬ್ಬಿಣ ಕೊಡಿಸಿಕೊಳ್ಳಬಹುದಾ ಕೇಳಿ. ಬಸಿರಿನ ಮೊದಲ ಮೂರು ತಿಂಗಳು ಅದನ್ನು ಕೊಡುವುದಿಲ್ಲ. ಆಮೇಲೆ ಬೇಕಾದರೆ ಕೊಡಬಹುದು. ವಿಟಮಿನ್ ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ, ನಿಮ್ಮ ಕಾಯಿಲೆ ಇರುವುದೂ ಅಲ್ಲೇ. ನೀವು ಮೀನು ಮೊಟ್ಟೆ ತಿನ್ನದ ಮನೆಯವರಾದರೆ ಇನ್ನೂ ಕಡಿಮೆ ಇರುತ್ತದೆ. ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಇಂಜೆಕ್ಷನ್ ತೆಗೆದುಕೊಳ್ಳಿ. ಫೋಲಿಕ್ ಆಸಿಡ್ ಮಾತ್ರೆ ಈಗಲೇ ಶುರುವಾಗಬೇಕು, ಬಸುರಿ ಅಂತ ಗೊತ್ತಾದ ಮೇಲೆ ಅಲ್ಲ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಎಷ್ಟೋ ಜನರಿಗೆ ಬಸುರಿ ಅಂತ ಗೊತ್ತಾಗುವ ಮೊದಲೇ. ಸಣ್ಣ ಕರುಳಿನ ಕಾಯಿಲೆ ಇರುವವರಿಗೆ 5 ಮಿಲಿಗ್ರಾಮಿನದ್ದನ್ನು ಬರೆದುಕೊಡುವುದುಂಟು. ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಲಿ.

ಪತ್ರದಲ್ಲಿ ನೀವು ‘ತವರು ಎಣ್ಮಕಜೆ’ ಅಂತ ಬರೆದಿದ್ದೀರಿ. ಅದರ ಮುಂದೆ ಏನೂ ಬರೆದಿಲ್ಲ. ಆದರೂ ಆ ಎರಡು ಪದದ ಹಿಂದೆ ಏನಿದೆ ಅಂತ ಕಾಸರಗೋಡಿನ ಕಡೆಯ ಯಾರಿಗಾದರೂ ಗೊತ್ತಾಗುತ್ತದೆ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ಊರುಗಳ ಹೆಣ್ಣುಮಕ್ಕಳು ಬಸುರಿ ಅಂತ ಗೊತ್ತಾದರೆ ಖುಷಿಗಿಂತ ಮೊದಲು, ಮಗುವಿಗೆ ಹುಟ್ಟುದೋಷ ಬಂದೀತೋ ಅಂತ ಹೆದರುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆಯಿತು, ಹೆದರಿಕೆ ಮಾತ್ರ ಮನೆಗಳಲ್ಲಿ ಉಳಿದಿದೆ. ನಿಮ್ಮ ಕ್ರೋನ್ಸ್ ಅದರಿಂದ ಬಂತು ಅನ್ನಲು ಆಧಾರ ಇಲ್ಲ. ಎಂಡೋಸಲ್ಫಾನ್ ಅಂದರೆ ಏನಂತಲೇ ಕೇಳದ ಊರುಗಳಲ್ಲೂ ಈ ಕಾಯಿಲೆ ಇದೆ. ಹೆದರಿಕೆ ಇದ್ದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ, ಹೆರಿಗೆ ವೈದ್ಯರಿಗೆ ಬಾಯಿ ಬಿಟ್ಟು ಹೇಳಿ. 18ರಿಂದ 20ನೇ ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಇದೆ. ಅದನ್ನು ತಪ್ಪಿಸಬೇಡಿ. ಆ ಅರ್ಧ ಗಂಟೆ ಎಷ್ಟೋ ತಿಂಗಳ ಭಾರ ಇಳಿಸುತ್ತದೆ.

ಬಸುರಿಯಾದ ಮೇಲೆ ನಿಮಗೆ ಇಬ್ಬರು ವೈದ್ಯರು ಬೇಕು, ಹೆರಿಗೆಯವರು ಮತ್ತು ಕರುಳಿನವರು. ಇಬ್ಬರೂ ಒಬ್ಬರಿಗೊಬ್ಬರು ಮಾತಾಡಬೇಕು. ನಿಮ್ಮ ವಿಷಯದಲ್ಲಿ ಒಬ್ಬರು ಕಾಸರಗೋಡಿನಲ್ಲಿ, ಇನ್ನೊಬ್ಬರು ಮಂಗಳೂರಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ಯಾವ ಇಂಜೆಕ್ಷನ್ ಯಾವ ದಿನ, ಯಾವ ಪರೀಕ್ಷೆ ಎಷ್ಟು ಬಂತು, ಎಲ್ಲ ಅದರಲ್ಲಿ ಬರೆದಿರಲಿ. ಮೂರು ತಿಂಗಳಿಗೊಮ್ಮೆಯಾದರೂ ಮಲದ ಪರೀಕ್ಷೆ ಮಾಡಿಸಿ. ಉರಿಯೂತ ನೋಡುವ ಇ.ಎಸ್.ಆರ್. ರಕ್ತಪರೀಕ್ಷೆಯ ಅಂಕಿ ಬಸಿರಿನಲ್ಲಿ ತಾನಾಗಿಯೇ ಏರುತ್ತದೆ, ಹಿಮೋಗ್ಲೋಬಿನ್ ತಾನಾಗಿಯೇ ಇಳಿಯುತ್ತದೆ. ಅವನ್ನು ನೋಡಿ ಕಾಯಿಲೆ ಕೆರಳಿತು ಅಂತ ಗಾಬರಿ ಬೇಡ. ಕ್ಯಾಲ್‌ಪ್ರೊಟೆಕ್ಟಿನ್ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಆರೋಗ್ಯ ಕೇಂದ್ರದ ಕೆಂಪು ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಅದು ರಕ್ತ ಅಲ್ಲ.

ಊಟದ ಬಗ್ಗೆ ಊರೆಲ್ಲ ನಿಮಗೆ ಹೇಳಲು ಬರುತ್ತದೆ, ನಾನೂ ಸ್ವಲ್ಪ ಹೇಳುತ್ತೇನೆ. ಕ್ರೋನ್ಸ್‌ಗೆ ಅಂತ ಎಲ್ಲರಿಗೂ ಒಂದೇ ಪಥ್ಯ ಇಲ್ಲ. ನಿಮಗೆ ಕರುಳು ಕಿರಿದಾಗಿರುವುದರಿಂದ ನಾರು ಜಾಸ್ತಿ ಇರುವ ಪದಾರ್ಥ ಸಿಕ್ಕಿಕೊಳ್ಳಬಹುದು. ಬಾಳೆದಿಂಡು, ಬಾಳೆ ಹೂವು, ಗುಜ್ಜೆ ಪಲ್ಯ, ನುಗ್ಗೆಕಾಯಿಯ ಸಿಪ್ಪೆ, ಹಲಸಿನ ತೊಳೆ ಇವುಗಳಲ್ಲಿ ಜಾಗ್ರತೆ. ಎಪ್ರಿಲ್ ಮೇ ಅಂದರೆ ಹಲಸಿನ ಕಾಲ, ಮನೆ ತುಂಬ ಅದರದ್ದೇ ಪರಿಮಳ. ಆಸೆಯಾದರೆ ಹಣ್ಣನ್ನು ಚೆನ್ನಾಗಿ ಕಾಯಿಸಿ ಅರೆದು ಮಾಡಿದ ಪಾಯಸ ಎರಡು ಚಮಚ ತಿನ್ನಿ, ತೊಳೆ ಬಿಡಿಸಿ ತಿನ್ನಬೇಡಿ. ಕುಚ್ಚಲಕ್ಕಿ ಗಂಜಿ ಚೆನ್ನಾಗಿ ಬೆಂದಿರಲಿ. ನೀರುದೋಸೆ, ಇಡ್ಲಿ, ಮೊಸರು, ಸಾಂಬ್ರಾಣಿ ಸೊಪ್ಪಿನ ತಂಬುಳಿ, ಬಾಳೆಹಣ್ಣು, ಬೊಂಡದ ನೀರು ಎಲ್ಲ ಒಳ್ಳೆಯದು. ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ ಖಾರ ಕಡಿಮೆ ಹಾಕಿ ತಿನ್ನಿ. ತೂಕ ಏರಬೇಕು, ಅದು ಮುಖ್ಯ. ಸೀಮಂತದ ದಿನ ಎಲ್ಲರೂ ಒಂದೊಂದು ತುತ್ತು ಬಾಯಿಗಿಡುತ್ತಾರಲ್ಲ, ಆ ದಿನ ನಿಮ್ಮ ಅಮ್ಮ ಪಕ್ಕದಲ್ಲೇ ಕೂತಿರಲಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ಮಳೆಗಾಲದಲ್ಲಂತೂ ಕಡ್ಡಾಯ.

ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಥರದ ಮಾತ್ರೆ ಬೇಡ. ಕ್ರೋನ್ಸನ್ನು ಕೆರಳಿಸುತ್ತವೆ. ಪ್ಯಾರಾಸಿಟಮಾಲ್ ಸಾಕು. ಹೆರಿಗೆಯಾದ ಮೇಲೆ ಈ ಮಾತ್ರೆಗಳನ್ನೇ ಎಲ್ಲರಿಗೂ ಬರೆಯುತ್ತಾರೆ, ಆಗಲೂ ನೆನಪಿಟ್ಟು ಹೇಳಿ. ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಭೇದಿ, ಹೊಟ್ಟೆ ಉಬ್ಬಿ ವಾಂತಿಯಾಗಿ ಗಾಳಿಯೂ ಹೋಗದಿರುವುದು, ಜ್ವರ, ಒಂದೇ ಕಾಲು ಊದಿ ನೋಯುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗುವವರೆಗೂ ಕಾಯಬೇಡಿ.

ಹೆರಿಗೆ ಹೇಗೆ ಅಂತ ಈಗಲೇ ತೀರ್ಮಾನ ಬೇಡ. ಕ್ರೋನ್ಸ್ ಇದೆ ಅಂತ ಎಲ್ಲರಿಗೂ ಸಿಸೇರಿಯನ್ ಬೇಕಿಲ್ಲ. ಗುದದ್ವಾರದ ಸುತ್ತ ಕಾಯಿಲೆ ಕೆರಳಿದ್ದರೆ ಮಾತ್ರ ಸಿಸೇರಿಯನ್ ಒಳ್ಳೆಯದು. ನಿಮ್ಮ ಫಿಸ್ಟುಲಾ ಪೂರ್ತಿ ಒಣಗಿದ್ದರೆ ಸಹಜ ಹೆರಿಗೆ ಆಗಬಹುದು. ಎಂಟನೇ ತಿಂಗಳಲ್ಲಿ ಒಮ್ಮೆ ನೋಡಿಸಿಕೊಳ್ಳಿ. ನಾಚಿಕೊಂಡು ಆ ಪರೀಕ್ಷೆ ತಪ್ಪಿಸುವವರು ಜಾಸ್ತಿ, ನೀವು ತಪ್ಪಿಸಬೇಡಿ.

ಈಗ ಲಸಿಕೆ. ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ, ಮನೆಗೆ ಕಳಿಸುವ ಮೊದಲೇ ಟಿಬಿ ತಡೆಯುವ ಬಿ.ಸಿ.ಜಿ. ಲಸಿಕೆ ಹಾಕಿಬಿಡುತ್ತಾರೆ. ಉಳಿದ ಮಕ್ಕಳಿಗೆ ಅದು ಸರಿಯಾದದ್ದೇ. ಆದರೆ ಬಿ.ಸಿ.ಜಿ. ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ಜೀವಂತ ರೋಗಾಣುವೇ ಅದರಲ್ಲಿ ಇರುತ್ತದೆ. ನಿಮ್ಮ ಮಗುವಿನ ರಕ್ತದಲ್ಲಿ ಆಗ ಅಡಾಲಿಮುಮಾಬ್ ಇನ್ನೂ ಇರುತ್ತದೆ. ಆ ಸ್ಥಿತಿಯಲ್ಲಿ ಲಸಿಕೆಯ ರೋಗಾಣುವೇ ಮೈಯಲ್ಲಿ ಹರಡಬಹುದು. ಇದೇ ಜಾತಿಯ ಇನ್‌ಫ್ಲಿಕ್ಸಿಮಾಬ್ ತೆಗೆದುಕೊಂಡಿದ್ದ ತಾಯಿಯ ಮಗುವೊಂದು ಬಿ.ಸಿ.ಜಿ. ಹಾಕಿದ ಮೇಲೆ ತೀರಿಕೊಂಡ ವರದಿ 2010ರಲ್ಲಿ ಬ್ರಿಟನ್ನಿನಿಂದ ಬಂತು. ಹೆದರಿಸಲು ಹೇಳುತ್ತಿಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ತಪ್ಪಿಸಬಹುದಾದ ಅಪಾಯ ಇದು. ಬಿ.ಸಿ.ಜಿ.ಯನ್ನು ಕನಿಷ್ಠ ಆರು ತಿಂಗಳು ಮುಂದೂಡಬೇಕು. ಕೆಲವರು ಇನ್ನೂ ಸ್ವಲ್ಪ ಕಾಯಿರಿ ಅನ್ನುತ್ತಾರೆ. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲೂ ಒಂದು ವರ್ಷದವರೆಗೆ ಹಾಕಲು ಅವಕಾಶ ಇದೆ.

ಹುಟ್ಟಿದ ದಿನ ಕೊಡುವ ಪೋಲಿಯೋ ಹನಿಯೂ ಜೀವಂತ ಲಸಿಕೆ. ಆರನೇ ವಾರದಿಂದ ಕೊಡುವ ರೋಟಾ ವೈರಸ್ ಹನಿಯೂ ಹಾಗೇ. ಇವೆರಡರ ಬಗ್ಗೆ ಮಕ್ಕಳ ವೈದ್ಯರ ಹತ್ತಿರ ಹೆರಿಗೆಗೆ ಮೊದಲೇ ಮಾತಾಡಿಡಿ. ಹೆಪಟೈಟಿಸ್ ಬಿ, ಪೋಲಿಯೋ ಇಂಜೆಕ್ಷನ್, ಐದು ರೋಗ ತಡೆಯುವ ಪೆಂಟಾವೇಲೆಂಟ್ ಇವೆಲ್ಲ ಜೀವಂತ ಅಲ್ಲ. ಅವನ್ನು ಸರಿಯಾದ ಹೊತ್ತಿಗೇ ಹಾಕಿಸಿ, ಒಂದನ್ನೂ ಬಿಡಬೇಡಿ. ‘ತಾಯಿ ಅಡಾಲಿಮುಮಾಬ್ ತೆಗೆದುಕೊಂಡಿದ್ದಾರೆ, ಬಿ.ಸಿ.ಜಿ. ಈಗ ಬೇಡ’ ಅಂತ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ನಿಮ್ಮ ವೈದ್ಯರ ಕೈಯಿಂದ ಬರೆಸಿ, ಸಹಿ ಹಾಕಿಸಿ. ಮಲಯಾಳದಲ್ಲೂ ಬರೆಸಿ. ಹೆರಿಗೆಯ ದಿನ ನೀವು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ನರ್ಸಿಗೆ ಹೇಳಬೇಕಾದವರು ನಿಮ್ಮ ಅಮ್ಮ ಅಥವಾ ಅತ್ತೆ. ಅವರಿಗೂ ಈ ಮಾತು ಬಾಯಿಪಾಠ ಆಗಿರಲಿ. ಊರಿನ ಆಶಾ ಕಾರ್ಯಕರ್ತೆಗೂ ಮೊದಲೇ ಹೇಳಿ. ಇಲ್ಲದಿದ್ದರೆ ಪಾಪ, ಮಗುವಿಗೆ ಲಸಿಕೆ ಬಿಟ್ಟುಹೋಗಿದೆ ಅಂತ ಅವರು ಮನೆಗೇ ಬಂದು ಕರೆದುಕೊಂಡು ಹೋಗುತ್ತಾರೆ.

ಎದೆಹಾಲು ಧಾರಾಳವಾಗಿ ಕೊಡಿ. ನಿಮ್ಮ ಎರಡೂ ಮದ್ದು ಹಾಲಿಗೆ ಬರುವುದು ಅತ್ಯಲ್ಪ. ಬಾಣಂತನದಲ್ಲಿ ಕಾಯಿಲೆ ಕೆರಳುವುದಕ್ಕೆ ದೊಡ್ಡ ಕಾರಣ, ಹಾಲು ಕುಡಿಸುತ್ತೇನೆ ಅಂತ ಮದ್ದು ಬಿಡುವುದು. ಹಗಲೂ ರಾತ್ರಿ ಮಗುವಿನ ಹಿಂದೆ ಇರುವಾಗ ಇಂಜೆಕ್ಷನ್ನಿನ ದಿನ ಮರೆತುಹೋಗುತ್ತದೆ, ಅದನ್ನು ನೆನಪಿಡುವ ಕೆಲಸ ನಿಮ್ಮ ಯಜಮಾನರಿಗೆ ಕೊಡಿ. ಅಲ್ಲಿಂದಲೇ ಫೋನ್ ಮಾಡಿ ನೆನಪಿಸಲಿ. ಎಣ್ಣೆಸ್ನಾನ, ಬಿಸಿನೀರು, ಮೆಂತೆ ಗಂಜಿ, ಅಮ್ಮನ ಆರೈಕೆ ಎಲ್ಲ ಇರಲಿ. ಕರಿಮೆಣಸು, ಹಿಪ್ಪಲಿ ಜಾಸ್ತಿ ಇರುವ ಲೇಹ, ಹೆಸರು ಗೊತ್ತಿಲ್ಲದ ಭಸ್ಮ ಹಾಕಿದ ಮದ್ದು ಬೇಡ.

ಮಗುವಿಗೂ ಬರುತ್ತದಾ ಅಂತ ಕೇಳಿದ್ದೀರಿ. ತಂದೆ ತಾಯಿಯಲ್ಲಿ ಒಬ್ಬರಿಗೆ ಮಾತ್ರ ಕ್ರೋನ್ಸ್ ಇದ್ದರೆ, ಅಂಥ ನೂರು ಮಕ್ಕಳಲ್ಲಿ ಮುಂದೆಂದಾದರೂ ಅದು ಬರುವುದು ಸುಮಾರು ಮೂರರಿಂದ ಐದು ಮಕ್ಕಳಿಗೆ. ಉಳಿದ 95ರಿಂದ 97 ಮಕ್ಕಳಿಗೆ ಬರುವುದಿಲ್ಲ.

ಇನ್ನು ಸ್ವಾರ್ಥದ ಮಾತು. ಪತ್ರದ ಕೊನೆಯ ಆ ಸಾಲನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಮಗು ಬೇಕು ಅನ್ನುವ ಮೊದಲೇ ಮಗುವಿಗೆ ಏನಾಗುತ್ತದೋ ಅಂತ ಕೇಳಿ ಇಷ್ಟು ದೊಡ್ಡ ಪತ್ರ ಬರೆದವರಿಗೆ ಆ ಪದ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ಥೈರಾಯ್ಡ್ ಇರುವವರು, ಫಿಟ್ಸ್ ಇರುವವರು ಮದ್ದು ತಿನ್ನುತ್ತಲೇ ಹೆರುತ್ತಾರೆ. ಅವರನ್ನು ಯಾರೂ ಸ್ವಾರ್ಥಿ ಅನ್ನುವುದಿಲ್ಲ. ಜನರಿಗೆ ನಿಮ್ಮ ಕಾಯಿಲೆಯ ಹೆಸರು ಗೊತ್ತಿಲ್ಲ, ಅದಕ್ಕೆ ಹಾಗೆ ಮಾತಾಡುತ್ತಾರೆ. ಆ ಮಾತನ್ನು ನಿಮ್ಮ ಮೇಲೆ ನೀವೇ ಹಾಕಿಕೊಳ್ಳಬೇಡಿ.

ಫೆಬ್ರವರಿ ಮೊದಲ ವಾರ ಮಲದ ಪರೀಕ್ಷೆಗೆ ಕೊಡಿ. ಅದೇ ದಿನ ರಕ್ತದಲ್ಲಿ ಬಿ12, ಕಬ್ಬಿಣ, ವಿಟಮಿನ್ ಡಿ ನೋಡಿಸಿ. ವರದಿ ಹಿಡಿದುಕೊಂಡು ನಿಮ್ಮ ಕರುಳಿನ ವೈದ್ಯರ ಹತ್ತಿರ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.